ಖಾಲಿ ಬಸ್ಸಿನ ಬೋರ್ಡು

ಎದೆಯ ನಾಳವೊಂದಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಬಸ್ ಡ್ರೈವರಿಗೆ ಕೂತರೂ ಸುಸ್ತು, ನಿಂತರೂ ಸುಸ್ತು. ಹತ್ತೊಂಬತ್ತು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದ ಮನುಷ್ಯ ಈಗ ಸೋಫಾದಿಂದ ಬಚ್ಚಲಿಗೆ ಹೋಗಿ ಬರುವುದನ್ನೇ ಒಂದು ಟ್ರಿಪ್ಪು ಎಂದು ಲೆಕ್ಕ ಹಾಕುತ್ತಿದ್ದ. ಎರಡು ಟ್ರಿಪ್ಪಿಗೆಲ್ಲ ಕಣ್ಣು ಎಳೆಯುತ್ತಿತ್ತು.

ಡಿಪೋದಲ್ಲಿ ಅವನನ್ನು ನಿಲ್ಲಣ್ಣ ಎಂದು ಕರೆಯುತ್ತಿದ್ದರು. ಯಾರೇ ಕೈ ಎತ್ತಲಿ, ಯಾರೇ ಓಡಿ ಬರುವುದು ಕನ್ನಡಿಯಲ್ಲಿ ಕಾಣಲಿ, ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. "ಇವನ ಬಸ್ಸಿಗೆ ಗಡಿಯಾರ ಬೇಡ, ಕ್ಯಾಲೆಂಡರ್ ಸಾಕು" ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ನಿಲ್ಲಣ್ಣ ಹತ್ತಿದವರನ್ನೂ ಬಯ್ಯುತ್ತಿದ್ದ, ಆಡಿಕೊಂಡವರನ್ನೂ ಬಯ್ಯುತ್ತಿದ್ದ. ಮಾರನೆಯ ದಿನ ಮತ್ತೆ ನಿಲ್ಲಿಸುತ್ತಿದ್ದ. ಸಿಟ್ಟು ಮೂಗಿನ ತುದಿಯಲ್ಲಿ, ಕಾಲು ಬ್ರೇಕಿನ ಮೇಲೆ. ಅವನೆಂದರೆ ಅಷ್ಟೇ.

ಈಗ ಕಂಪನಿಯವರು ಒಂದು ಕಾಗದ ಕಳಿಸಿದ್ದರು. ಎದೆಯ ಚಿಕಿತ್ಸೆಯಾದವರು ಮತ್ತೆ ಸ್ಟೀರಿಂಗ್ ಹಿಡಿಯಬೇಕಾದರೆ ತಿಂಗಳ ಕೊನೆಯೊಳಗೆ ಸತತ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ನಡುವೆ ಕಾಲು ನಿಲ್ಲಿಸದೆ ಸೈಕಲ್ ತುಳಿದು ತೋರಿಸಬೇಕು. ನಾಡಿ ನೂರಿಪ್ಪತ್ತು ದಾಟಬಾರದು. ಆಸ್ಪತ್ರೆಯ ವ್ಯಾಯಾಮದ ಡಾಕ್ಟರಮ್ಮ ನೋಡಿ ಸಹಿ ಹಾಕಬೇಕು. ಆಗದಿದ್ದರೆ ಡಿಪೋದ ಹಿಂಭಾಗದಲ್ಲಿರುವ, ಜನ ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನಿನ ಕೋಣೆಗೆ ವರ್ಗ. ಅದೂ ಕಾಯಂ.

ಆ ಕೋಣೆಯನ್ನು ಅವನು ಬಲ್ಲ. ಕಿಟಕಿಯಿಲ್ಲ. ಛತ್ರಿಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಯಾರೂ ಕೇಳಿಕೊಂಡು ಬರದ ಒಂದು ಹಲ್ಲಿನ ಸೆಟ್ಟು. ಅಲ್ಲಿ ಕೂತಿರುವವನೂ ಒಂದು ಕಾಲಕ್ಕೆ ಡ್ರೈವರೇ. ಮಾತಾಡಿಸಿದರೆ ತಲೆ ಎತ್ತುವುದಕ್ಕೂ ಅವನಿಗೆ ಬೇಸರ. ನಿಲ್ಲಣ್ಣನಿಗೆ ಎದೆನೋವು ಬಂದಾಗ ಆಗದಿದ್ದ ಹೆದರಿಕೆ ಆ ಕೋಣೆಯನ್ನು ನೆನೆದರೆ ಆಗುತ್ತಿತ್ತು.

ಸೈಕಲ್ಲು ಬಾಮೈದನ ಕೊಡುಗೆ. ಅವನಿಗೆ ಕನ್ನಡಕದ ಅಂಗಡಿ. ಹೊಟ್ಟೆ ಕರಗಿಸುತ್ತೇನೆಂದು ಸ್ಮಾರ್ಟ್ ಟ್ರೈನರ್ ಎಂಬ ಯಂತ್ರ ತಂದು, ಮೂರು ವಾರ ತುಳಿದು, ಆಮೇಲೆ ಅದರ ಮೇಲೆ ಒದ್ದೆ ಟವೆಲ್ ಒಣಗಿಸುತ್ತಿದ್ದ. ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಈ ಯಂತ್ರಕ್ಕೆ ಸಿಕ್ಕಿಸುವುದು. ಎದುರಿಗೆ ಟಿವಿ. ಟಿವಿಯೊಳಗಿನ ರಸ್ತೆ ಏರಿದರೆ ಇಲ್ಲಿ ಪೆಡಲ್ಲು ಬಿಗಿಯಾಗುತ್ತದೆ, ಇಳಿದರೆ ಸಡಿಲವಾಗುತ್ತದೆ. ಆ ರಸ್ತೆ ತೋರಿಸುವುದಕ್ಕೆ ಒಂದು ಆ್ಯಪ್ ಬೇಕು.

"ಮೂರು ಹಾಕಿದೀನಿ ಭಾವ" ಎಂದ ಬಾಮೈದ, ವೈರುಗಳ ನಡುವೆ ಮಂಡಿಯೂರಿ. "ಮೂರೂ ಒಂದು ತಿಂಗಳು ಫ್ರೀ. ತುಳಿದು ನೋಡಿ. ಯಾವ್ದು ಹಿಡಿಸುತ್ತೋ ಅದನ್ನ ಇಟ್ಕೊಳ್ಳೋಣ. ಮಿಕ್ಕಿದ್ದು ತೆಗೆದು ಬಿಸಾಕಿದ್ರಾಯ್ತು."

"ತುಳಿಯೋದು ನಾನು. ಆ್ಯಪ್ ಯಾಕಯ್ಯಾ?"

"ಗೋಡೆ ನೋಡ್ಕೊಂಡು ಇಪ್ಪತ್ತು ನಿಮಿಷ ತುಳೀತೀರಾ? ನನ್ನ ಕೈಲಿ ಆಗ್ಲಿಲ್ಲ."

"ನಿನ್ನ ಕೈಲಿ ಏನು ತಾನೇ ಆಗಿದೆ?" ಎಂದಳು ಅಡುಗೆಮನೆಯಿಂದ ಅವನಕ್ಕ. ಬಾಮೈದ ಪ್ಲಗ್ಗು ಚುಚ್ಚಿದ.

ಮೊದಲನೆಯದು ಆಟದ ಹಾಗಿತ್ತು. ನೀಲಿ ಸಮುದ್ರ, ಹಸಿರು ಗುಡ್ಡ, ಗೊಂಬೆಯಂಥ ಮನುಷ್ಯರು. ನಿಲ್ಲಣ್ಣನಿಗೂ ಒಂದು ಗೊಂಬೆಯ ಮೈ ಕೊಟ್ಟರು, ತಲೆಗೆ ಹೆಲ್ಮೆಟ್ ಇಟ್ಟರು. ಎಲ್ಲೆಲ್ಲಿಯೋ ತಮ್ಮ ತಮ್ಮ ಮನೆಗಳಲ್ಲಿ ತುಳಿಯುತ್ತಿದ್ದ ನೂರಾರು ಜನ ಒಟ್ಟಿಗೆ ಅದೇ ರಸ್ತೆಯಲ್ಲಿ ಬಂದರು. ಎಡಗಡೆಯಿಂದ ನುಗ್ಗಿದರು, ಬಲಗಡೆಯಿಂದ ನುಗ್ಗಿದರು, ಕೊನೆಗೆ ಒಬ್ಬ ಇವನ ಮೈಯೊಳಗಿಂದಲೇ ತೂರಿಕೊಂಡು ಮುಂದೆ ಹೋದ.

"ಏಯ್! ಕಣ್ಣು ಕಾಣಲ್ವೇನೋ ನಿಂಗೆ!"

"ರೀ, ಅವನಿಗೆ ಕೇಳ್ಸಲ್ಲ" ಎಂದಳು ಹೆಂಡತಿ.

"ಇನ್ನೊಬ್ಬ ಬಂದ ನೋಡು! ಹಾರ್ನ್ ಎಲ್ಲಿದೆ ಇದ್ರಲ್ಲಿ? ಹಾರ್ನ್ ತೋರ್ಸು!"

ಎಂಟು ನಿಮಿಷಕ್ಕೆ, ನಾಡಿ ಎಣಿಸಲು ಎದೆಗೆ ಕಟ್ಟಿದ್ದ ಪಟ್ಟಿ ನೂರ ನಲವತ್ತೆರಡು ಎಂದು ಕೂಗಿಕೊಂಡಿತು. ಹೆಂಡತಿ ಬಂದು ಟಿವಿ ಆರಿಸಿದಳು. ಆ ದಿನವೆಲ್ಲ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಎರಡನೆಯದರಲ್ಲಿ ರಸ್ತೆಯೇ ಇರಲಿಲ್ಲ. ಕಪ್ಪು ಪರದೆ, ಒಂದು ಹಳದಿ ಗೆರೆ, ಮೂಲೆಯಲ್ಲಿ ಬಿಗಿ ಬನಿಯನ್ನಿನ ಒಬ್ಬ ಮೇಷ್ಟ್ರು. ಅವನ ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ. "ಶಹಭಾಷ್! ಇನ್ನೂ ಜೋರಾಗಿ! ನಿನ್ನಿಂದ ಆಗುತ್ತೆ!" ಎಂದು ಅರಚುತ್ತಿದ್ದ.

"ಮರ್ಯಾದೆ ಕೊಟ್ಟು ಮಾತಾಡು. ನಿಮ್ಮಪ್ಪನ ವಯಸ್ಸು ನಂಗೆ" ಎಂದ ನಿಲ್ಲಣ್ಣ ಏದುಸಿರು ಬಿಡುತ್ತ.

"ಇನ್ನೊಂದು ಚೂರು! ಬಿಡಬೇಡ!"

"ಬಿಡ್ತೀನಿ ಕಣೋ. ಏನ್ ಮಾಡ್ಕೋತೀಯ?" ಬಿಟ್ಟೂಬಿಟ್ಟ. ಹನ್ನೆರಡನೇ ನಿಮಿಷ.

ಮೂರನೆಯದು ನಿಜವಾದ ರಸ್ತೆ. ಯಾರೋ ಗಾಡಿಯ ಮುಂದೆ ಕ್ಯಾಮೆರಾ ಕಟ್ಟಿಕೊಂಡು ಯಾವುದೋ ಊರಿನ ಬೀದಿಗಳಲ್ಲಿ ನಿಧಾನವಾಗಿ ಓಡಾಡಿ ತೆಗೆದದ್ದು. ತುಳಿದರೆ ಚಿತ್ರ ಮುಂದೆ ಹೋಗುತ್ತದೆ, ಕಾಲು ನಿಂತರೆ ಅದೂ ನಿಲ್ಲುತ್ತದೆ. ಶಾಲೆಯ ಕಾಂಪೌಂಡು, ಬಾಗಿಲು ಅರ್ಧ ಎತ್ತಿದ ಅಂಗಡಿ, ನಾಯಿ ಹಿಡಿದುಕೊಂಡ ಮುದುಕ, ಸೇತುವೆ, ಆಸ್ಪತ್ರೆಯ ಗೇಟು. ಗೊಂಬೆಗಳಿಲ್ಲ, ಮೇಷ್ಟ್ರಿಲ್ಲ, ಹಿಂದಿನಿಂದ ಯಾರೂ ಮೈಯೊಳಗೆ ನುಗ್ಗುವುದಿಲ್ಲ. ನಿಲ್ಲಣ್ಣನ ಹೆಗಲು ಇಳಿಯಿತು. ಎರಡು ತಿಂಗಳಲ್ಲಿ ಮೊದಲ ಸಲ ಅವನು ಎದುರಿಗೆ ಒಂದು ರಸ್ತೆ ನೋಡಿದ್ದ.

"ಇದೇ ಇರ್ಲಿ" ಎಂದ.

ಎರಡು ವಾರ ತುಳಿದ. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ. ಇಳಿದಾಗ ತೊಡೆ ನಡುಗುತ್ತಿತ್ತು, ಅಂಗಿ ಬೆನ್ನಿಗಂಟಿರುತ್ತಿತ್ತು, ಆದರೆ ನಾಡಿ ನೂರ ಹತ್ತು ದಾಟುತ್ತಿರಲಿಲ್ಲ. ಇನ್ನೇನು ಡಿಪೋಗೆ ಹೋದ ಹಾಗೇ ಎಂದುಕೊಂಡಿದ್ದ. ತಿಂಗಳ ಕೊನೆಗೆ ಏಳು ದಿನ ಉಳಿದಿದ್ದಾಗ ವ್ಯಾಯಾಮದ ಡಾಕ್ಟರಮ್ಮ ಕರೆಸಿದಳು.

ಚಿಕ್ಕ ಕೋಣೆ. ಗೋಡೆಯ ಮೇಲೆ ಚರ್ಮ ಸುಲಿದ ಮನುಷ್ಯನ ಚಿತ್ರ. ಅವಳು ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದಳು. ಆ್ಯಪ್ ಅವಳಿಗೆ ಕಳಿಸಿದ್ದ ಅವನ ತುಳಿತದ ಗೆರೆ ಮೇಲೇರುತ್ತಿತ್ತು, ಕೆಳಗೆ ಬೀಳುತ್ತಿತ್ತು, ಮತ್ತೆ ಏರುತ್ತಿತ್ತು. ಬಾಚಣಿಗೆಯ ಹಲ್ಲಿನಂತೆ.

"ಸರ್, ಪ್ರತಿ ಎರಡು ನಿಮಿಷಕ್ಕೆ ನಿಮ್ಮ ಕಾಲು ನಿಲ್ಲುತ್ತೆ. ಎದೆ ಬಿಗಿಯುತ್ತಾ?"

"ಇಲ್ಲ."

"ಕಾಲು ಸೋಲುತ್ತಾ? ಕಣ್ಣು ಕತ್ತಲೆ ಬರುತ್ತಾ?"

"ಇಲ್ಲ ಡಾಕ್ಟರಮ್ಮ. ನಾನು ನಿಲ್ಲಿಸಿಯೇ ಇಲ್ಲ."

"ಹತ್ತು ಸೆಕೆಂಡು ನಿಲ್ತೀರಿ. ಲೆಕ್ಕ ಹಾಕಿದ ಹಾಗೆ ಹತ್ತು. ಇಪ್ಪತ್ತು ನಿಮಿಷಕ್ಕೆ ಹನ್ನೊಂದು ಸಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಭಯವಾದದ್ದು. "ನೋವು ಮುಚ್ಚಿಟ್ರೆ ನಿಮಗೇ ತೊಂದರೆ. ನಿಮ್ಮ ಹಿಂದೆ ಐವತ್ತು ಜನ ಕೂತಿರ್ತಾರೆ. ಹೀಗೇ ಇದ್ರೆ ನಾನು ಆಗಲ್ಲ ಅಂತ ಬರೀಬೇಕಾಗುತ್ತೆ."

ಮನೆಗೆ ಬಂದವನು ಕಂಡದ್ದನ್ನೆಲ್ಲ ಬಯ್ದ. ಯಂತ್ರ ಸುಳ್ಳು ಹೇಳುತ್ತಿದೆ, ಬಾಮೈದ ಕೊಟ್ಟದ್ದು ಯಾವತ್ತು ಸರಿಯಿತ್ತು, ಕಂಪ್ಯೂಟರಿಗೇನು ಗೊತ್ತು ಮನುಷ್ಯನ ಕಾಲು. ಹೆಂಡತಿ ಬಟ್ಟೆ ಮಡಚುತ್ತ ಕೇಳಿಸಿಕೊಂಡಳು.

"ಹತ್ತಿ. ಒಂದ್ ಸಲ ತುಳೀರಿ. ನಾನು ನೋಡ್ತೀನಿ."

"ಈಗ ಕೈಲಾಗಲ್ಲ ಕಣೇ. ಜೀವ ಸೋತು ಹೋಗಿದೆ."

"ಹತ್ತಿ ಅಂದ್ನಲ್ಲ."

ಹತ್ತಿದ. ಶಾಲೆ ಬಂತು. ಶಾಲೆಯ ಮುಂದೆ ಒಂದು ಕಂಬ, ಕಂಬದ ಪಕ್ಕ ಚೀಲ ಹಿಡಿದ ಇಬ್ಬರು. ಪೆಡಲ್ಲು ನಿಂತಿತು. ಚಿತ್ರದಲ್ಲಿ ಇಬ್ಬರೂ ಒಂದು ಕಾಲು ಎತ್ತಿದಂತೆಯೇ ನಿಂತರು. ಯಾರೂ ಹತ್ತಲಿಲ್ಲ. ಒಂದಷ್ಟು ಹೊತ್ತಾದ ಮೇಲೆ ಅವನು ಮತ್ತೆ ತುಳಿದ. ಆಸ್ಪತ್ರೆಯ ಗೇಟಿನ ಮುಂದೆ ಒಬ್ಬ ಹೆಂಗಸು, ವಯಸ್ಸಾದವಳು, ಬಗಲಲ್ಲಿ ಮಡಚಿದ ಛತ್ರಿ, ಒಂದು ಕೈ ಹಣೆಯವರೆಗೆ ಎತ್ತಿದ್ದಾಳೆ. ಬಿಸಿಲಿಗೆ ಅಡ್ಡ ಹಿಡಿದಿದ್ದಾಳೋ, ಬಸ್ಸಿಗೆ ಕೈ ಮಾಡುತ್ತಿದ್ದಾಳೋ ದೇವರಿಗೇ ಗೊತ್ತು. ಪೆಡಲ್ಲು ನಿಂತಿತು.

"ರೀ" ಎಂದಳು ಹೆಂಡತಿ, ಕೈಯಲ್ಲಿ ಮಡಚಿದ್ದ ದಿಂಬಿನ ಚೀಲ ಹಾಗೇ ಹಿಡಿದು. "ನೀವು ಸ್ಟಾಪ್ ಬಂದ ಕಡೆಯೆಲ್ಲ ನಿಲ್ಲಿಸ್ತಾ ಇದೀರಿ."

ಅವನು ಬಗ್ಗಿ ತನ್ನ ಕಾಲುಗಳನ್ನು ನೋಡಿಕೊಂಡ. ಬೇರೆ ಯಾರದೋ ಕಾಲುಗಳನ್ನು ನೋಡುವಂತೆ.

ಗೊತ್ತಾದ ಮೇಲೆ ಬಿಡಬಹುದೆಂದುಕೊಂಡಿದ್ದ. ಮಾರನೆಯ ದಿನ ಹಲ್ಲು ಕಚ್ಚಿ ಶಾಲೆಯ ಸ್ಟಾಪು ದಾಟಿದ. ದಾಟಿದ ಮೇಲೆ ಕನ್ನಡಿ ಹುಡುಕಿಕೊಂಡು ಕಣ್ಣು ಎಡಗಡೆ ಹೋಯಿತು. ಕನ್ನಡಿ ಇರಲಿಲ್ಲ, ಹೆಂಡತಿ ಒಣಹಾಕಿದ ಸೀರೆ ಇತ್ತು. ಛತ್ರಿಯ ಹೆಂಗಸಿನ ಮುಂದೆ ಕಾಲು ಮತ್ತೆ ನಿಂತೇ ನಿಂತಿತು. ಕಣ್ಣು ಮುಚ್ಚಿ ತುಳಿದು ನೋಡಿದ, ತಲೆ ಸುತ್ತಿತು. ಕಪ್ಪು ಪರದೆಯ ಮೇಷ್ಟ್ರ ಹತ್ತಿರ ಹೋದ; ಒಂಬತ್ತನೇ ನಿಮಿಷಕ್ಕೆ ಜಗಳ. ಗೊಂಬೆಗಳ ಹತ್ತಿರ ಹೋದ. ನಾಡಿ ನೂರ ಮೂವತ್ತು. ಮಧ್ಯಾಹ್ನ ಬಾಮೈದ ಫೋನ್ ಮಾಡಿದ: "ಭಾವ, ಫ್ರೀ ಮುಗಿಯೋಕೆ ಬಂತು. ಯಾವ್ದು ಇಟ್ಕೊಳ್ಳೋಣ?"

"ನಿನ್ನ ತಲೆ ಇಟ್ಕೋ" ಎಂದು ನಿಲ್ಲಣ್ಣ ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

ಮುಂದಿನ ಬೆಳಿಗ್ಗೆ ಅವನು ಸೈಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ಉಳಿದಿದ್ದದ್ದು ಸರಿಯಾಗಿ ಐದೇ ದಿನ. ಸೋಫಾದ ಮೇಲೆ ಕೂತು, ಆ ಕೋಣೆಯಲ್ಲಿ ಒಂದು ಟೇಬಲ್ ಫ್ಯಾನ್ ಆದರೂ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದ. ಆಗ ಕಂಡಕ್ಟರ್ ಬಂದ.

ಹತ್ತೊಂಬತ್ತು ವರ್ಷ ಒಂದೇ ಬಸ್ಸಿನಲ್ಲಿ, ಮುಂದೆ ಇವನು, ಹಿಂದೆ ಅವನು. ಮುಖ ನೋಡಿ ಮಾತಾಡಿದ್ದಕ್ಕಿಂತ ಕನ್ನಡಿಯಲ್ಲಿ ಮಾತಾಡಿದ್ದೇ ಹೆಚ್ಚು. ಅವತ್ತು ಅವನಿಗೆ ರಜೆ. ರಜೆಯ ದಿನವೂ ಹೆಗಲು ಒಂದು ಕಡೆ ವಾಲಿಯೇ ಇತ್ತು, ಟಿಕೆಟ್ ಬ್ಯಾಗ್ ನೇತುಹಾಕಿ ಹಾಕಿ.

"ಏನಣ್ಣ, ಅರಮನೆ ವಾಸ?"

"ಕೂತ್ಕೋ. ಹೊಸಬ ಹೆಂಗೆ?"

ಕಂಡಕ್ಟರ್ ನಿಟ್ಟುಸಿರು ಬಿಟ್ಟ. "ಟೈಮ್ ಅಂದ್ರೆ ಟೈಮ್. ನಿನ್ನೆ ನೀರಿನ ಟ್ಯಾಂಕ್ ಹತ್ರ ಒಬ್ಬಮ್ಮ ಕೂಸು ಎತ್ಕೊಂಡು ಓಡಿ ಬಂದ್ಲು. ನಾನು ಬೆಲ್ ಹೊಡೆದೆ, ಹೊಡೆದೆ. ನಿಲ್ಲಿಸ್ಲಿಲ್ಲ. ಕೆಳಗಿಂದ ಅವಳು ನನ್ನ ಬಯ್ದಿದ್ದು ಕೇಳಿಸ್ತಣ್ಣ. ಅವನಿಗಲ್ಲ, ನಂಗೆ." ಮಂಡಿಯ ಮೇಲೆ ಕೈಯೂರಿ ಇವನತ್ತ ಬಾಗಿದ. "ನೀನು ಯಾವಾಗ ಬರ್ತೀಯ?"

"ಬರಲ್ಲ" ಎಂದ ನಿಲ್ಲಣ್ಣ. ನಡೆದದ್ದನ್ನೆಲ್ಲ ಹೇಳಿದ. ಹೇಳುವಾಗಲೇ ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿಕೊಂಡ. ಕಂಡಕ್ಟರ್ ನಗಬಹುದೆಂದುಕೊಂಡಿದ್ದ. ನಗಲಿಲ್ಲ.

"ತೋರ್ಸು."

ಹತ್ತಿ ತೋರಿಸಿದ. ಶಾಲೆಯ ಕಂಬದ ಹತ್ತಿರ ಕಾಲು ನಿಂತಿತು. ಕಂಡಕ್ಟರ್ ಚಿತ್ರದ ಹತ್ತಿರ ಹೋಗಿ, ಎತ್ತಿದ ಕಾಲು ಎತ್ತಿದಂತೆಯೇ ಇದ್ದ ಆ ಇಬ್ಬರನ್ನು ದಿಟ್ಟಿಸಿದ.

"ಪಾಪ, ನಿಂತಿದಾರೆ" ಎಂದ.

"ಮತ್ತೆ? ಅದಕ್ಕೇ ಹೇಳಿದ್ದು."

"ಅಣ್ಣ, ಬೆಳಿಗ್ಗೆ ಡಿಪೋದಿಂದ ಮೊದಲನೇ ಸ್ಟಾಪಿಗೆ ಖಾಲಿ ಬಸ್ ತಗೊಂಡು ಹೋಗ್ತೀವಲ್ಲ. ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ. ಇಪ್ಪತ್ತೆರಡು."

"ನಡುವೆ ಎಷ್ಟು ಸ್ಟಾಪು?"

"ಏಳು."

"ಒಂದ್ರಲ್ಲಾದ್ರೂ ನಿಲ್ಲಿಸಿದೀಯ? ಹತ್ತೊಂಬತ್ತು ವರ್ಷದಲ್ಲಿ?"

ನಿಲ್ಲಣ್ಣ ಸಿಡುಕಿದ. "ಯಾಕೆ ನಿಲ್ಲಿಸ್ಲಿ? ಮುಂದೆ ಬೋರ್ಡು ಇರುತ್ತಲ್ಲ. ಹತ್ತಬೇಡಿ ಅಂತ. ಜನಕ್ಕೆ ಗೊತ್ತಾಗುತ್ತೆ, ಕೈ ಎತ್ತಲ್ಲ..." ಅಲ್ಲಿಗೆ ಅವನ ಮಾತು ನಿಂತಿತು.

ಕಂಡಕ್ಟರ್ ಆಗಲೇ ಎದ್ದಿದ್ದ. "ಅತ್ತಿಗೆ, ಒಂದು ರಟ್ಟು ಕೊಡಿ. ದಪ್ಪ ಪೆನ್ನು ಇದೆಯಾ?"

ಟ್ರೈನರ್ ಬಂದಿದ್ದ ಪೆಟ್ಟಿಯ ಮುಚ್ಚಳ ಸಿಕ್ಕಿತು. ಕಂಡಕ್ಟರ್ ನೆಲದ ಮೇಲೆ ಕೂತು ದೊಡ್ಡ ಅಕ್ಷರದಲ್ಲಿ ಬರೆದ: ಹತ್ತಬೇಡಿ. ಅಕ್ಷರ ಒಂದೊಂದನ್ನೂ ಎರಡೆರಡು ಸಲ ತೀಡಿದ. ನಿಲ್ಲಣ್ಣನ ಹೆಂಡತಿ ಅದನ್ನು ಹ್ಯಾಂಡಲ್ಲಿಗೆ ಕಟ್ಟಲು ಹೋದಳು, ಬರಹ ಗಂಡನ ಕಡೆ ತಿರುಗಿಸಿ.

"ಹಂಗಲ್ಲ ಅತ್ತಿಗೆ" ಎಂದ ಕಂಡಕ್ಟರ್. "ನಮಗಲ್ಲ ಅದು, ಅವರಿಗೆ." ಬರಹವನ್ನು ಟಿವಿಯ ಕಡೆ ತಿರುಗಿಸಿ ಕಟ್ಟಿದ. ಆಮೇಲೆ ಊಟದ ಮೇಜಿನ ಕುರ್ಚಿ ಎಳೆದುಕೊಂಡು ಸೈಕಲ್ಲಿನ ಹಿಂದೆ ಕೂತ, ಬಾಯಲ್ಲೇ ಎರಡು ಸಲ ಟಿಣ್ ಟಿಣ್ ಎಂದು ಬೆಲ್ ಹೊಡೆದ. "ರೈಟ್."

ನಿಲ್ಲಣ್ಣ ತುಳಿದ. ಶಾಲೆ ಬಂತು, ಕಂಬ ಬಂತು. ಚೀಲದ ಇಬ್ಬರು ಇವನತ್ತ ನೋಡಿದರು. ನೋಡಿದರೆಂದೇ ಅವನಿಗನ್ನಿಸಿತು; ಬೋರ್ಡು ಓದಿರಬೇಕು. ಅವನು ಹ್ಯಾಂಡಲ್ಲಿನಿಂದ ಒಂದು ಕೈ ತೆಗೆದು, ಖಾಲಿ ಬಸ್ಸಿನ ಡ್ರೈವರ್ ಮಾಡುವಂತೆ ಬೋರ್ಡಿನ ಕಡೆ ಬೆರಳು ಮಾಡಿ ತೋರಿಸಿದ. ಕಾಲು ನಿಲ್ಲಲಿಲ್ಲ. ಸೇತುವೆ ಹೋಯಿತು. ಆಸ್ಪತ್ರೆಯ ಗೇಟಿನಲ್ಲಿ ಛತ್ರಿಯ ಹೆಂಗಸು ಕೈ ಎತ್ತಿದ್ದಳು. "ಹಿಂದೆ ಬರುತ್ತಮ್ಮ, ಹಿಂದೆ ಬರುತ್ತೆ" ಎಂದ ಅವಳಿಗೆ. ಕಾಲು ನಿಲ್ಲಲಿಲ್ಲ.

"ಹಿಂದೆ ಯಾವ್ದು ಬರುತ್ತೆ ರೀ?" ಎಂದಳು ಹೆಂಡತಿ.

"ಸುಮ್ನಿರೇ. ಡ್ರೈವರ್ ಜೊತೆ ಮಾತಾಡ್ಬಾರ್ದು."

ಇಪ್ಪತ್ತು ನಿಮಿಷ. ನಾಡಿ ನೂರ ಹದಿನಾಲ್ಕು. ಇಳಿಯುವಾಗ ಕಂಡಕ್ಟರ್ ರಟ್ಟೆ ಹಿಡಿಯಬೇಕಾಯಿತು.

ಉಳಿದ ನಾಲ್ಕು ದಿನ ಅವನು ಸೈಕಲ್ಲಿನ ಮೇಲೇ ಡ್ಯೂಟಿ ಮಾಡಿದ. ಹೆಂಡತಿಯೇ ರೈಟ್ ಹೇಳಿದಳು, ಅದೂ ಅಡುಗೆಮನೆಯಿಂದ. ಎರಡನೆಯ ದಿನ ಹದಿನೇಳನೇ ನಿಮಿಷಕ್ಕೆ ತೊಡೆ ಹಿಡಿದುಕೊಂಡಿತು. ಮೂರನೆಯ ದಿನ ಮಾತ್ರೆಯ ಮಂಪರು. ನಾಲ್ಕನೆಯ ದಿನ ಸೇತುವೆಯ ಏರಿನಲ್ಲಿ ಪೆಡಲ್ಲು ಕಲ್ಲಾಯಿತು. ಇನ್ನು ಆಗುವುದೇ ಇಲ್ಲ, ಆ ಕಿಟಕಿಯಿಲ್ಲದ ಕೋಣೆಯೇ ಗತಿ, ಅಲ್ಲಾದರೂ ಕೂತಿರಬಹುದು ಎಂದು ಒಂದು ಕ್ಷಣ ಆಸೆಯೂ ಆಯಿತು. ಆ ಆಸೆಯ ಮೇಲೇ ಸಿಟ್ಟು ಬಂದು ಏರು ಹತ್ತಿದ. ಐದನೆಯ ದಿನ ಏನೂ ಅನ್ನಿಸಲಿಲ್ಲ. ಬೆವರು ಒರೆಸಿಕೊಳ್ಳುವಷ್ಟೂ ಕೈ ಏಳಲಿಲ್ಲ.

ಡಾಕ್ಟರಮ್ಮ ಗೆರೆ ನೋಡಿದಳು. ಹಲ್ಲೆಲ್ಲ ಉದುರಿದ ಬಾಚಣಿಗೆ, ನೆಟ್ಟಗೆ ಚಪ್ಪಟೆ. "ಏನು ಮಾಡಿದ್ರಿ ಸರ್?"

"ಬೋರ್ಡು ಹಾಕ್ದೆ ಡಾಕ್ಟರಮ್ಮ."

ಅವಳು ಅದೊಂದು ಆ್ಯಪಿನ ಸೌಲಭ್ಯವಿರಬೇಕೆಂದುಕೊಂಡು ತಲೆಯಾಡಿಸಿ ಸಹಿ ಹಾಕಿದಳು. "ಇದೇ ಆ್ಯಪ್ ಮುಂದುವರಿಸಿ. ಡ್ಯೂಟಿಗೆ ಸೇರಿದ ಮೇಲೂ ವಾರಕ್ಕೆ ಮೂರು ದಿನ ತುಳೀಬೇಕು. ಇನ್ನು ಮೇಲೆ ರಿಪೋರ್ಟ್ ಕಳಿಸೋದು ಬೇಡ."

ಸಂಜೆ ಮನೆಗೆ ಬಂದಾಗ ಬಾಮೈದ ಟಿವಿಯ ಮುಂದೆ ಕಾದಿದ್ದ. ತೆರೆಯ ಮೇಲೆ ಅಕ್ಷರ ನಿಂತಿತ್ತು: ಉಚಿತ ಅವಧಿ ಇಂದು ಮುಗಿಯುತ್ತದೆ. "ಈಗಲಾದ್ರೂ ಹೇಳಿ ಭಾವ. ಆಟದ್ದೋ, ಮೇಷ್ಟ್ರದ್ದೋ, ರಸ್ತೆದೋ? ನನ್ನ ಕೇಳಿದ್ರೆ ಆಟದ್ದು. ಎಲ್ರೂ ಅದನ್ನೇ ಇಟ್ಕೊಳ್ಳೋದು."

"ರಸ್ತೆದು."

"ಅದ್ರಲ್ಲಿ ಏನೂ ಇಲ್ವಲ್ಲ ಭಾವ? ಬರೀ ಬೀದಿ."

ನಿಲ್ಲಣ್ಣ ಸಹಿಯಾದ ಕಾಗದವನ್ನು ಹೆಂಡತಿಯ ಕೈಗಿತ್ತು, ಬಗ್ಗಿ, ಹ್ಯಾಂಡಲ್ಲಿನ ದಾರ ಬಿಚ್ಚಿ ಬೋರ್ಡು ತೆಗೆದ. ಅದನ್ನು ಸೋಫಾದ ಹಿಂದೆ ಸರಿಸಿ, ಚಪ್ಪಲಿ ಬಿಟ್ಟು, ಮೈಯಲ್ಲಿ ಕಸುವಿಲ್ಲದಿದ್ದರೂ ಮೆಲ್ಲಗೆ ಸೈಕಲ್ ಹತ್ತಿದ.

"ಅಯ್ಯೋ, ಮತ್ತೆ ಯಾಕ್ರೀ ಇವತ್ತು? ಮುಖ ನೋಡ್ಕೊಳ್ಳಿ, ಬಿಳಿಚ್ಕೊಂಡಿದೆ."

"ಹಿಂದೆ ಬರುತ್ತೆ ಅಂದಿದ್ನಲ್ಲ" ಎಂದ.

ಶಾಲೆಯ ಕಂಬದ ಹತ್ತಿರ ನಿಲ್ಲಿಸಿದ. ಹತ್ತು ಎಣಿಸಿದ. ಬಾಮೈದ ಬಾಯಿ ತೆರೆದ. ಅಕ್ಕ ಅವನ ತೋಳು ಚಿವುಟಿದಳು. ನಿಲ್ಲಣ್ಣ ಸೇತುವೆಯ ಏರನ್ನು ಅವಸರವಿಲ್ಲದೆ ಹತ್ತಿ ಇಳಿದ. ಆಸ್ಪತ್ರೆಯ ಗೇಟು ಬಂತು. ಛತ್ರಿಯ ಹೆಂಗಸು ಹಣೆಗೆ ಕೈ ಹಿಡಿದು ಅಲ್ಲೇ ನಿಂತಿದ್ದಳು. ಅವನು ಸರಿಯಾಗಿ ಅವಳ ಮುಂದೆ ಪೆಡಲ್ಲು ನಿಲ್ಲಿಸಿ, ಹ್ಯಾಂಡಲ್ಲಿನ ಮೇಲೆ ಮೊಣಕೈ ಊರಿ, ತಲೆ ತಗ್ಗಿಸಿ ಉಸಿರು ಎಳೆದುಕೊಂಡ.

ಹತ್ತಾಯಿತು. ಇಪ್ಪತ್ತೂ ಆಯಿತು.

"ರೈಟ್" ಎಂದಳು ಹೆಂಡತಿ ಹಿಂದಿನಿಂದ.

"ತಾಳು" ಎಂದ ನಿಲ್ಲಣ್ಣ. "ವಯಸ್ಸಾದೋಳು, ಹತ್ಲಿ."